ಮಡಗಾಸ್ಕರ್, 2017: ಪ್ಲೇಗು ಎಷ್ಟು ದೂರ ಹೋಗಬಲ್ಲದು?

ಸಭೆಯಲ್ಲಿರುವ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ. 2017ರ ಅಕ್ಟೋಬರ್ ತಿಂಗಳಲ್ಲಿ ಮಡಗಾಸ್ಕರ್ ದ್ವೀಪದಲ್ಲಿ ಪ್ಲೇಗು ಉಲ್ಬಣಿಸಿದ್ದಾಗ ವಿಶ್ವ ಆರೋಗ್ಯ ಸಂಸ್ಥೆಯು ಅದರ ಅಪಾಯವನ್ನು ಮೂರು ಮಟ್ಟಗಳಲ್ಲಿ ಅಳೆದು ಪ್ರಕಟಿಸಿತು. ದೇಶದೊಳಗೆ ಹರಡುವ ಅಪಾಯ ಅತಿ ಹೆಚ್ಚು, ಹಿಂದೂ ಮಹಾಸಾಗರದ ದ್ವೀಪಗಳಿಗೂ ಪೂರ್ವ ಮತ್ತು ದಕ್ಷಿಣ ಆಫ್ರಿಕದ ನೆರೆಯ ದೇಶಗಳಿಗೂ ಹರಡುವ ಅಪಾಯ ಮಧ್ಯಮ, ಜಗತ್ತಿನ ಉಳಿದ ಭಾಗಗಳಿಗೆ ಹರಡುವ ಅಪಾಯ ಕಡಿಮೆ ಎಂದು ಅದು ಹೇಳಿತ್ತು. ಆಗ ಪತ್ರಿಕೆಗಳಲ್ಲಿ ಬಂದ ತಲೆಬರಹಗಳನ್ನು ಓದಿದವರಿಗೆ ಇದು ವಿಚಿತ್ರವಾಗಿ ಕಂಡಿರಬಹುದು. ರೋಗಾಣು ಒಂದೇ, ವಿಮಾನಗಳು ಎಲ್ಲ ದಿಕ್ಕಿಗೂ ಹಾರುತ್ತಿವೆ, ಹಾಗಿರುವಾಗ ಅಪಾಯಕ್ಕೆ ಮೂರು ಅಳತೆಗಳು ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುವುದಷ್ಟೇ ಇಂದಿನ ಉಪನ್ಯಾಸದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಲೇಗು ಎಷ್ಟು ದೂರ ಹೋಗುತ್ತದೆ ಎಂಬುದು ಬಹುಮಟ್ಟಿಗೆ ಮೊದಲ ರೋಗಿ ಕೆಮ್ಮಲು ತೊಡಗಿದ ದಿನಕ್ಕೂ ಅದು ಪ್ಲೇಗೆಂದು ಯಾರಾದರೂ ಗುರುತಿಸಿದ ದಿನಕ್ಕೂ ನಡುವಿನ ಅಂತರವನ್ನು ಅವಲಂಬಿಸಿದೆ.

ಈ ಕಾಯಿಲೆಯನ್ನು ತರುವ ಬ್ಯಾಕ್ಟೀರಿಯಾದ ಹೆಸರು ಯೆರ್ಸೀನಿಯಾ ಪೆಸ್ಟಿಸ್. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅದನ್ನು ಗುರುತಿಸಿದ ಅಲೆಕ್ಸಾಂಡರ್ ಯೆರ್ಸಿನ್ ಅವರ ಹೆಸರೇ ಅದಕ್ಕೆ ಬಂದಿದೆ. ನಾಲ್ಕು ವರ್ಷಗಳ ನಂತರ, 1898ರಲ್ಲಿ, ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಪ್ರಯೋಗ ನಡೆಸಿ, ರೋಗವನ್ನು ಇಲಿಯಿಂದ ಇಲಿಗೆ ದಾಟಿಸುವುದು ಚಿಗಟವೆಂದು ತೋರಿಸಿದರು. ಇದನ್ನು ಅಂದಿನ ವೈದ್ಯಲೋಕ ಒಪ್ಪಿಕೊಳ್ಳಲು ಇನ್ನೂ ಕೆಲವು ವರ್ಷಗಳೇ ಬೇಕಾದವು. ಚಿಗಟದ ದೇಹದೊಳಗೆ ನಡೆಯುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದೆ ಬರುವ ಅನೇಕ ಸಂಗತಿಗಳ ಮೂಲ ಅಲ್ಲಿದೆ. ಚಿಗಟದ ಅನ್ನನಾಳಕ್ಕೂ ಜಠರಕ್ಕೂ ನಡುವೆ ಒಳಮುಖವಾಗಿ ಮುಳ್ಳುಗಳಿರುವ ಒಂದು ಸಣ್ಣ ಕವಾಟವಿದೆ. ಸೋಂಕು ತಗುಲಿದ ಇಲಿಯ ರಕ್ತವನ್ನು ಚಿಗಟ ಹೀರಿದ ಮೇಲೆ ಬ್ಯಾಕ್ಟೀರಿಯಾ ಆ ಮುಳ್ಳುಗಳಿಗೆ ಅಂಟಿಕೊಂಡು, ಲೋಳೆಯಂಥ ಪದರವಾಗಿ ಬೆಳೆದು, ಕೆಲವೊಮ್ಮೆ ದಾರಿಯನ್ನೇ ಮುಚ್ಚಿಬಿಡುತ್ತದೆ. ಆಮೇಲೆ ಹೀರಿದ ರಕ್ತ ಹೊಟ್ಟೆಗೆ ಇಳಿಯುವುದಿಲ್ಲ. ಹಸಿವು ತಾಳಲಾರದ ಚಿಗಟ ಸಿಕ್ಕ ಪ್ರಾಣಿಯನ್ನೆಲ್ಲ ಮತ್ತೆ ಮತ್ತೆ ಕಚ್ಚುತ್ತದೆ, ಮತ್ತು ಹೀರಿದ ರಕ್ತ ಆ ತಡೆಗೆ ಬಡಿದು, ರೋಗಾಣುಗಳನ್ನು ಹೊತ್ತು, ಕಚ್ಚಿದ ಗಾಯದೊಳಕ್ಕೇ ಹಿಂದಿರುಗುತ್ತದೆ.

ಹೀಗೆ ಮನುಷ್ಯನ ಚರ್ಮದೊಳಕ್ಕೆ ಬಂದ ಬ್ಯಾಕ್ಟೀರಿಯಾ ಹತ್ತಿರದ ದುಗ್ಧಗ್ರಂಥಿಯಲ್ಲಿ ನೆಲೆಸುತ್ತದೆ. ಸಾಮಾನ್ಯವಾಗಿ ಒಂದು ವಾರದೊಳಗೆ ಚಳಿಜ್ವರ, ತಲೆನೋವು, ವಿಪರೀತ ಸುಸ್ತು, ಜೊತೆಗೆ ತೊಡೆಸಂದಿನಲ್ಲೋ ಕಂಕುಳಲ್ಲೋ ಮುಟ್ಟಲಾಗದಷ್ಟು ನೋಯುವ ಗಡ್ಡೆ ಕಾಣಿಸಿಕೊಳ್ಳುತ್ತದೆ. ಇದು ಬ್ಯೂಬೋನಿಕ್ ಪ್ಲೇಗು. ಚಿಕಿತ್ಸೆ ಇಲ್ಲದಿದ್ದರೆ ನೂರಕ್ಕೆ 30ರಿಂದ 60 ಮಂದಿ ಸಾಯುತ್ತಾರೆ, ಆದರೆ ಗಡ್ಡೆ ಕಟ್ಟಿದ ರೋಗಿಯ ಪಕ್ಕದಲ್ಲಿ ಕುಳಿತವರಿಗೆ ಅದು ಸುಲಭವಾಗಿ ಹರಡುವುದಿಲ್ಲ. ಸೋಂಕು ರಕ್ತದ ಮೂಲಕ ಶ್ವಾಸಕೋಶವನ್ನು ತಲುಪಿದಾಗ ಪರಿಸ್ಥಿತಿ ಬದಲಾಗುತ್ತದೆ. ಆಗ ರೋಗಿಯ ಕೆಮ್ಮಿನ ಹನಿಗಳಲ್ಲಿ ರೋಗಾಣುಗಳಿರುತ್ತವೆ. ಅವುಗಳನ್ನು ಉಸಿರಾಡಿದವನಿಗೆ ಚಿಗಟದ ಕಡಿತವಾಗಲಿ ಗಡ್ಡೆಯಾಗಲಿ ಇಲ್ಲದೆ ನೇರವಾಗಿ ಶ್ವಾಸಕೋಶದ ಪ್ಲೇಗೇ ಬರುತ್ತದೆ. ಇದಕ್ಕೆ ನ್ಯುಮೋನಿಕ್ ಪ್ಲೇಗು ಎನ್ನುತ್ತಾರೆ. ಸೋಂಕು ತಗುಲಿದ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಒಂದೇ ದಿನದಲ್ಲಿ, ಅದರ ಲಕ್ಷಣಗಳು ಆರಂಭವಾಗುತ್ತವೆ. ಲಕ್ಷಣ ಕಂಡ 24 ಗಂಟೆಗಳೊಳಗೆ ಸರಿಯಾದ ಆ್ಯಂಟಿಬಯೋಟಿಕ್ ಸಿಗದಿದ್ದರೆ ಬದುಕುವ ಸಾಧ್ಯತೆ ತೀರ ಕಡಿಮೆ. ಸಿಕ್ಕರೆ ಹೆಚ್ಚಿನವರು ಗುಣಮುಖರಾಗುತ್ತಾರೆ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಇವೆಲ್ಲ ಹಳೆಯ, ಅಗ್ಗದ ಔಷಧಗಳೇ. ಈ ಕಾಯಿಲೆಯಲ್ಲಿ ಕೊರತೆ ಬೀಳುವುದು ಔಷಧಕ್ಕಿಂತ ಹೆಚ್ಚಾಗಿ ಸಮಯ.

ಮಡಗಾಸ್ಕರಿಗೆ ಪ್ಲೇಗು ಬಂದದ್ದು 1898ರಲ್ಲಿ, ಪೂರ್ವ ಕರಾವಳಿಯ ತಮತಾವ್ ಬಂದರಿನ ಮೂಲಕ, ಹಡಗುಗಳ ಇಲಿಗಳೊಂದಿಗೆ. 1921ರಲ್ಲಿ ಅದು ರಾಜಧಾನಿ ಅಂಟನನರಿವೊ ಇರುವ ಮಧ್ಯದ ಎತ್ತರದ ಪ್ರದೇಶವನ್ನು ತಲುಪಿತು. ಕರಾವಳಿಯಲ್ಲಿ ಕ್ರಮೇಣ ಮರೆಯಾದ ರೋಗ ಈ ಎತ್ತರದಲ್ಲಿ, ಸಮುದ್ರಮಟ್ಟದಿಂದ ಸುಮಾರು 800 ಮೀಟರ್‌ಗಿಂತ ಮೇಲಿನ ಹಳ್ಳಿಗಳಲ್ಲಿ, ನೆಲೆಯೂರಿತು. ಅಲ್ಲಿ ರೋಗಾಣುವಿಗೆ ಮುಖ್ಯ ಆಶ್ರಯ ಕರಿ ಇಲಿ. ಪ್ರತಿವರ್ಷ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಪ್ಲೇಗಿನ ಋತುವೆಂದೇ ಲೆಕ್ಕ. ನಾಲ್ಕುನೂರರ ಆಸುಪಾಸಿನ ಪ್ರಕರಣಗಳು, ಹೆಚ್ಚಿನವು ಬ್ಯೂಬೋನಿಕ್, ಹೆಚ್ಚಿನವು ಹಳ್ಳಿಗಾಡಿನವು. ಈ ಋತುವಿಗೆ ಒಂದು ಕಾರಣವಿದೆ. ಬೆಳೆ ಕೊಯ್ಲಾದ ಮೇಲೆ ಇಲಿಗಳ ಸಂಖ್ಯೆ ಕುಗ್ಗುತ್ತದೆ, ಆದರೆ ಬಿಸಿಲು ಏರುತ್ತಿದ್ದಂತೆ ಚಿಗಟಗಳ ಸಂಖ್ಯೆ ಹೆಚ್ಚುತ್ತದೆ. ಒಂದೊಂದು ಇಲಿಯ ಮೈಮೇಲೆ ಚಿಗಟಗಳು ತುಂಬಿಕೊಳ್ಳುತ್ತವೆ, ಆ ಇಲಿ ರೋಗದಿಂದ ಬಿದ್ದಿತೆಂದರೆ ಅವೆಲ್ಲವೂ ಬೇರೆ ಬೆಚ್ಚಗಿನ ಮೈಯನ್ನು ಹುಡುಕಿಕೊಂಡು ಹೊರಡುತ್ತವೆ.

2017ರಲ್ಲಿ ಋತು ವಾಡಿಕೆಗಿಂತ ಮುಂಚೆಯೇ ಆರಂಭವಾಯಿತು. ತಮತಾವ್‌ನ 31 ವರ್ಷದ ವ್ಯಕ್ತಿಯೊಬ್ಬ ಎತ್ತರದ ಪ್ರದೇಶದ ಅಂಕಜೋಬೆ ಜಿಲ್ಲೆಗೆ ಹೋಗಿದ್ದಾಗ, ಆಗಸ್ಟ್ 23ರಂದು, ಅವನಿಗೆ ಮಲೇರಿಯಾದಂಥ ಜ್ವರ ಬಂತು. ಮಲೇರಿಯಾ ಸಾಮಾನ್ಯವಾಗಿರುವ ದೇಶದಲ್ಲಿ ಜ್ವರವೆಂದರೆ ಮೊದಲು ಹೊಳೆಯುವುದು ಅದೇ. ನಾಲ್ಕು ದಿನಗಳ ಮೇಲೆ, ಆಗಸ್ಟ್ 27ರಂದು, ಅವನು ರಾಜಧಾನಿಯ ಮೂಲಕ ತನ್ನ ಊರಿಗೆ ಮರಳಲು ಬಾಡಿಗೆ ವ್ಯಾನ್ ಹತ್ತಿದ. ಟ್ಯಾಕ್ಸಿ ಬ್ರೂಸ್ ಎಂದು ಅಲ್ಲಿ ಕರೆಯುವ ಈ ವಾಹನಗಳಲ್ಲಿ ಜನ ಭುಜಕ್ಕೆ ಭುಜ ತಾಗಿಸಿಕೊಂಡು ಅನೇಕ ಗಂಟೆಗಳ ಕಾಲ ಕುಳಿತು ಪ್ರಯಾಣ ಮಾಡುತ್ತಾರೆ. ದಾರಿಯಲ್ಲಿ ಅವನಿಗೆ ಕೆಮ್ಮು ಮತ್ತು ಉಸಿರಾಟದ ತೊಂದರೆ ಆರಂಭವಾಗಿ, ಸ್ಥಿತಿ ಬಿಗಡಾಯಿಸಿ, ಅವನು ತೀರಿಕೊಂಡ. ಸಮೀಪದ ಮೊರಮಂಗ ಜಿಲ್ಲಾಸ್ಪತ್ರೆಯಲ್ಲಿ ಶವವನ್ನು ಅಂತ್ಯಕ್ರಿಯೆಗೆ ಸಿದ್ಧಪಡಿಸಲಾಯಿತು. ಯಾವ ವಿಶೇಷ ಎಚ್ಚರಿಕೆಯನ್ನೂ ಯಾರೂ ವಹಿಸಲಿಲ್ಲ, ಏಕೆಂದರೆ ಎಚ್ಚರ ವಹಿಸಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಅವನೊಂದಿಗೆ ನೇರವಾಗಿಯೋ ಸುತ್ತಿಬಳಸಿಯೋ ಸಂಪರ್ಕವಿದ್ದ 31 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ 4 ಮಂದಿ ಸತ್ತರು.

ಇಷ್ಟೆಲ್ಲ ನಡೆದರೂ ಇದು ಪ್ಲೇಗೆಂದು ಗೊತ್ತಾದದ್ದು ಸೆಪ್ಟೆಂಬರ್ 11ರಂದು, ಅದೂ ರಾಜಧಾನಿಯ ಆಸ್ಪತ್ರೆಯಲ್ಲಿ 47 ವರ್ಷದ ಮಹಿಳೆಯೊಬ್ಬರು ಉಸಿರಾಟ ನಿಂತು ಸತ್ತ ಮೇಲೆ. ಎರಡು ದಿನಗಳ ನಂತರ, 13ರಂದು, ವಿಶ್ವ ಆರೋಗ್ಯ ಸಂಸ್ಥೆಗೆ ಸುದ್ದಿ ಹೋಯಿತು. ಆಗಸ್ಟ್ 27ರಿಂದ ಸೆಪ್ಟೆಂಬರ್ 11ರವರೆಗೆ ಲೆಕ್ಕ ಹಾಕಿದರೆ ಹದಿನೈದು ದಿನಗಳು. ಒಬ್ಬ ರೋಗಿಯಿಂದ ಮತ್ತೊಬ್ಬನಿಗೆ ರೋಗ ದಾಟಲು ನಾಲ್ಕೈದು ದಿನಗಳು ಸಾಕಾಗುವ ಕಾಯಿಲೆಯಲ್ಲಿ ಈ ಅವಧಿಯೊಳಗೆ ಮೂರು ತಲೆಮಾರಿನ ಸೋಂಕುಗಳು ಆಗಿಹೋಗಬಹುದು. ವೈದ್ಯರನ್ನು ದೂರುವುದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಜ್ವರ, ಕೆಮ್ಮು, ಎದೆನೋವು ಇಟ್ಟುಕೊಂಡು ಬರುವ ನೂರಾರು ಜನರ ನಡುವೆ, ಗಡ್ಡೆಯ ಸುಳಿವೂ ಇಲ್ಲದೆ, ನ್ಯುಮೋನಿಕ್ ಪ್ಲೇಗನ್ನು ಮೊದಲ ನೋಟಕ್ಕೆ ಊಹಿಸುವುದು ಪ್ಲೇಗು ಬಲ್ಲ ದೇಶದಲ್ಲೂ ಕಷ್ಟ. ಅದರಲ್ಲೂ ಹಳ್ಳಿಯಲ್ಲಿ ನಿರೀಕ್ಷಿಸುವ ಕಾಯಿಲೆ ನಗರದ ಆಸ್ಪತ್ರೆಗೆ ಬಂದಾಗ.

ಆಗಸ್ಟ್ 1ರಿಂದ ನವೆಂಬರ್ 26ರವರೆಗೆ ಒಟ್ಟು 2417 ಪ್ರಕರಣಗಳು, 209 ಸಾವುಗಳು ದಾಖಲಾದವು. ಪ್ರಕರಣಗಳಲ್ಲಿ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚಿನವು ನ್ಯುಮೋನಿಕ್ ಎಂದು ವರ್ಗೀಕೃತವಾದವು. ವಾಡಿಕೆಯ ವರ್ಷಗಳ ಲೆಕ್ಕಕ್ಕೆ ಇದು ತದ್ವಿರುದ್ಧ. ಆದರೆ ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅವು ದೃಢಪಟ್ಟ, ಸಂಭವನೀಯ ಮತ್ತು ಶಂಕಿತ ಎಂಬ ಮೂರೂ ವರ್ಗಗಳನ್ನು ಸೇರಿಸಿದ ಅಂಕಿಗಳು, ಮತ್ತು ನ್ಯುಮೋನಿಕ್ ಎಂದು ಬರೆದವುಗಳಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟದ್ದು ತೀರ ಸಣ್ಣ ಭಾಗ. ಮಡಗಾಸ್ಕರಿನ ಪಾಶ್ಚರ್ ಸಂಸ್ಥೆ ರೂಪಿಸಿದ ಕಡ್ಡಿ ಪರೀಕ್ಷೆ ಸುಮಾರು ಹದಿನೈದು ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ಗಡ್ಡೆಯಿಂದ ತೆಗೆದ ಕೀವಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಕಫದಲ್ಲಿ ಅಷ್ಟು ನಂಬಿಕೆಗೆ ಅರ್ಹವಲ್ಲ. ಕಾಯಿಲೆಯಾದವನಿಂದ ಒಳ್ಳೆಯ ಕಫದ ಮಾದರಿ ಪಡೆಯುವುದೂ ಸುಲಭವಲ್ಲ. ಹೀಗಾಗಿ ಪ್ಲೇಗಿನ ಭಯ ಹಬ್ಬಿದ ನಗರದಲ್ಲಿ ಕೆಮ್ಮಿದವರನ್ನೆಲ್ಲ ಶಂಕಿತರ ಪಟ್ಟಿಗೆ ಸೇರಿಸಿದ್ದು ಸಹಜ, ಮತ್ತು ನನ್ನ ಪ್ರಕಾರ ಸರಿಯೂ ಹೌದು. ಪ್ಲೇಗಲ್ಲದವನಿಗೆ ವಾರದ ಮಾತ್ರೆ ಕೊಟ್ಟರೆ ಆಗುವ ನಷ್ಟಕ್ಕಿಂತ ಪ್ಲೇಗಾದವನನ್ನು ಮನೆಗೆ ಕಳುಹಿಸಿದರೆ ಆಗುವ ನಷ್ಟ ಬಹಳ ದೊಡ್ಡದು. ಆದರೆ ಅದೇ ಅಂಕಿಗಳನ್ನು ಮುಂದಿಟ್ಟುಕೊಂಡು ರೋಗ ಇಷ್ಟು ವೇಗವಾಗಿ ಹರಡುತ್ತದೆ ಎಂದು ಸಾಧಿಸಹೊರಟರೆ ತಪ್ಪಾಗುತ್ತದೆ.

ಹಾಗಾದರೆ ನ್ಯುಮೋನಿಕ್ ಪ್ಲೇಗು ಹರಡುವ ವೇಗ ಎಷ್ಟು? ಹಿಂದಿನ ಹಲವು ಸ್ಫೋಟಗಳ ದಾಖಲೆಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ, ಯಾವುದೇ ನಿಯಂತ್ರಣ ಕ್ರಮ ಆರಂಭವಾಗುವ ಮುನ್ನ ಒಬ್ಬ ರೋಗಿಯಿಂದ ಸರಾಸರಿ 1.3 ಜನರಿಗೆ ರೋಗ ತಗುಲುತ್ತದೆ. ದಡಾರದಲ್ಲಿ ಈ ಸಂಖ್ಯೆ ಹತ್ತನ್ನು ದಾಟುವುದನ್ನು ನೆನಪಿಟ್ಟುಕೊಂಡರೆ ಪ್ಲೇಗಿನ ಹೆಸರಿಗೂ ಅದರ ಹರಡುವ ಶಕ್ತಿಗೂ ಇರುವ ಅಂತರ ತಿಳಿಯುತ್ತದೆ. ರೋಗಿಯಿಂದ ಹೆಚ್ಚು ಹರಡುವುದು ಕಾಯಿಲೆಯ ಕೊನೆಯ ಹಂತದಲ್ಲಿ, ಕಫದಲ್ಲಿ ರಕ್ತ ಕಾಣಿಸಿಕೊಳ್ಳುವ ವೇಳೆಗೆ. ಆ ಸ್ಥಿತಿಯಲ್ಲಿರುವವನು ಸಂತೆಗೂ ಕಚೇರಿಗೂ ಓಡಾಡುವುದಿಲ್ಲ, ಹಾಸಿಗೆ ಹಿಡಿದಿರುತ್ತಾನೆ. ಅವನ ಕೆಮ್ಮಿನ ಹನಿಗಳು ಎರಡು ಮೀಟರ್‌ನ ಆಚೆಗೆ ಅಪಾಯ ತರುವುದು ಅಪರೂಪ. ಆದ್ದರಿಂದ ರೋಗ ಬರುವುದು ಹೆಚ್ಚಾಗಿ ಶುಶ್ರೂಷೆ ಮಾಡಿದ ಮನೆಯವರಿಗೆ, ಆಸ್ಪತ್ರೆಯ ಸಿಬ್ಬಂದಿಗೆ, ಶವವನ್ನು ಹತ್ತಿರದಿಂದ ಕಂಡವರಿಗೆ. ಮೊರಮಂಗ ದಾರಿಯ ವ್ಯಾನ್ ಈ ನಿಯಮಕ್ಕೆ ಸಿಕ್ಕ ಅಪವಾದ. ಹಾಸಿಗೆಯಲ್ಲಿರಬೇಕಾದ ರೋಗಿಯನ್ನು ಅದು ಗಂಟೆಗಟ್ಟಲೆ ಅಪರಿಚಿತರ ನಡುವೆ ಕೂರಿಸಿತು. ದೇಶದೊಳಗಿನ ಅಪಾಯ ಅತಿ ಹೆಚ್ಚು ಎಂದದ್ದರ ಹಿಂದೆ ಈ ರಸ್ತೆಗಳು, ಈ ವಾಹನಗಳು, ನಗರದ ಒತ್ತೊತ್ತಾದ ಮನೆಗಳು ಇದ್ದವು.

ಸರಾಸರಿ ಕಡಿಮೆ ಎಂದ ಮಾತ್ರಕ್ಕೆ ಅನಾಹುತ ಸಣ್ಣದೆಂದು ಅರ್ಥವಲ್ಲ. 1910-11ರ ಚಳಿಗಾಲದಲ್ಲಿ ಚೀನದ ಈಶಾನ್ಯ ಭಾಗವಾದ ಮಂಚೂರಿಯದಲ್ಲಿ ಇದೇ ನ್ಯುಮೋನಿಕ್ ಪ್ಲೇಗು ಸುಮಾರು 60,000 ಜನರನ್ನು ಕೊಂದಿತು. ಮಾರ್ಮಟ್ ಎಂಬ ಕಾಡುದಂಶಕದ ತುಪ್ಪಳಕ್ಕಾಗಿ ಬೇಟೆಗೆ ಹೋದವರಿಂದ ಆರಂಭವಾದ ರೋಗ, ಚಳಿಗೆ ಬಾಗಿಲು ಮುಚ್ಚಿದ ವಸತಿಗೃಹಗಳಲ್ಲಿ ಬೆಳೆದು, ಹೊಸವರ್ಷಕ್ಕೆ ಊರಿಗೆ ಹೊರಟ ಕೂಲಿಕಾರರೊಂದಿಗೆ ರೈಲು ಹತ್ತಿತು. ಅಲ್ಲಿಗೆ ಕಳುಹಿಸಲಾದ ಯುವ ವೈದ್ಯ ವು ಲಿಯೆನ್ ತೆ ರೋಗ ಗಾಳಿಯ ಹನಿಗಳ ಮೂಲಕ ಹರಡುತ್ತಿದೆ ಎಂದು ಗುರುತಿಸಿ, ಗಾಜ್ ಬಟ್ಟೆ ಮತ್ತು ಹತ್ತಿಯ ಮುಖಗವಸು ತೊಡಬೇಕೆಂದು ಪಟ್ಟುಹಿಡಿದರು. ಜೆರಾಲ್ಡ್ ಮೆನಿ ಎಂಬ ಹಿರಿಯ ಫ್ರೆಂಚ್ ವೈದ್ಯರು ಅದನ್ನು ಒಪ್ಪದೆ, ಮುಖಗವಸಿಲ್ಲದೆ ರೋಗಿಗಳನ್ನು ನೋಡಿ, ಕೆಲವೇ ದಿನಗಳಲ್ಲಿ ಪ್ಲೇಗಿಗೆ ಬಲಿಯಾದರು. ಹಾರ್ಬಿನ್ ನಗರದ ಹೊರಗೆ ಹೆಪ್ಪುಗಟ್ಟಿದ ನೆಲದಲ್ಲಿ ಹೂಳಲಾಗದೆ ಉಳಿದಿದ್ದ ಎರಡು ಸಾವಿರಕ್ಕೂ ಹೆಚ್ಚು ಶವಗಳನ್ನು ಸುಡಲು ವು ಅವರು ಚಕ್ರವರ್ತಿಯ ಅನುಮತಿ ಪಡೆದರು. ಆ್ಯಂಟಿಬಯೋಟಿಕ್ ಒಂದೂ ಇಲ್ಲದ ಕಾಲದಲ್ಲಿ, ಮುಖಗವಸು, ರೋಗಿಗಳ ಪ್ರತ್ಯೇಕತೆ ಮತ್ತು ಪ್ರಯಾಣದ ತಡೆಗಳಿಂದ ಕೆಲವೇ ತಿಂಗಳುಗಳಲ್ಲಿ ರೋಗ ನಿಂತಿತು. 1.3 ಎಂಬ ಸಂಖ್ಯೆಯನ್ನು ಒಂದಕ್ಕಿಂತ ಕೆಳಗಿಳಿಸಲು ತೀರ ದೊಡ್ಡ ಸಾಧನಗಳು ಬೇಕಾಗುವುದಿಲ್ಲ. ಆದರೆ ಇಳಿಸುವ ಕೆಲಸವನ್ನು ಯಾರಾದರೂ ಆರಂಭಿಸಬೇಕು.

ಭಾರತದಲ್ಲಿ ಪ್ಲೇಗೆಂದರೆ ಇಂದಿಗೂ ಎಲ್ಲರಿಗೂ ನೆನಪಾಗುವುದು 1994ರ ಸೂರತ್. ಆ ವರ್ಷದ ಸೆಪ್ಟೆಂಬರ್ ಮೂರನೆಯ ವಾರದಲ್ಲಿ ನ್ಯುಮೋನಿಕ್ ಪ್ಲೇಗಿನ ಸುದ್ದಿ ಹಬ್ಬಿದ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ, ಅದರಲ್ಲೂ ವಜ್ರದ ಮತ್ತು ಜವಳಿಯ ಕೆಲಸಕ್ಕೆ ದೂರದೂರುಗಳಿಂದ ಬಂದಿದ್ದವರು, ಸಿಕ್ಕ ರೈಲು ಬಸ್ಸುಗಳನ್ನು ಹತ್ತಿ ಊರು ಬಿಟ್ಟರು. ಖಾಸಗಿ ವೈದ್ಯರಲ್ಲಿ ಅನೇಕರೂ ಹೊರಟುಹೋದರು. ಕೊಲ್ಲಿ ರಾಷ್ಟ್ರಗಳು ಸೇರಿದಂತೆ ಹಲವು ದೇಶಗಳು ಭಾರತದ ವಿಮಾನಗಳಿಗೆ ತಡೆ ಹಾಕಿದವು, ರಫ್ತು ಮತ್ತು ಪ್ರವಾಸೋದ್ಯಮಕ್ಕೆ ಭಾರಿ ಪೆಟ್ಟುಬಿತ್ತು. ಸಾವುಗಳು ಮಾತ್ರ ಐವತ್ತರ ಆಸುಪಾಸಿನಲ್ಲಿ ನಿಂತವು. ಅಷ್ಟು ಜನ ಅಷ್ಟು ದಿಕ್ಕುಗಳಿಗೆ ಚದುರಿದರೂ ಅವರು ಹೋಗಿ ತಲುಪಿದ ಮಹಾನಗರಗಳಲ್ಲಿ ಎರಡನೆಯ ಸೂರತ್ ಹುಟ್ಟಲಿಲ್ಲ. ಟೆಟ್ರಾಸೈಕ್ಲಿನ್ ಮಾತ್ರೆಗಳ ವ್ಯಾಪಕ ಬಳಕೆ ಇದಕ್ಕೆ ಒಂದು ಕಾರಣವಿರಬಹುದು. ಓಡಿಹೋದವರಲ್ಲಿ ಹೆಚ್ಚಿನವರು ಆರೋಗ್ಯವಂತರಾಗಿದ್ದರು ಎಂಬುದು ಮತ್ತೊಂದು. ಅದು ನಿಜಕ್ಕೂ ಪ್ಲೇಗೇ ಆಗಿತ್ತೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಆರಂಭದ ರೋಗಿಗಳಿಂದ ಮಾದರಿಗಳನ್ನು ಸರಿಯಾಗಿ ಸಂಗ್ರಹಿಸಿ ಬೇಗ ಪರೀಕ್ಷಿಸಿದ್ದರೆ ಆ ವಾದಕ್ಕೆ ಎಡೆಯೇ ಇರುತ್ತಿರಲಿಲ್ಲ. ಮುಂದಿನ ವರ್ಷ, 1995ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯರಾಷ್ಟ್ರಗಳು ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯನ್ನು ಪರಿಷ್ಕರಿಸಲು ತೀರ್ಮಾನಿಸಿದ್ದರ ಹಿನ್ನೆಲೆಯಲ್ಲಿ ಸೂರತ್ತಿನ ಅನುಭವವೂ ಇತ್ತು. ರೋಗವನ್ನು ವರದಿ ಮಾಡಿದ ದೇಶಕ್ಕೆ ವ್ಯಾಪಾರದ ದಂಡ ಬೀಳುವುದಾದರೆ ಮುಂದಿನ ಬಾರಿ ಯಾವ ದೇಶ ತಾನಾಗಿ ವರದಿ ಮಾಡೀತು?

ಮಡಗಾಸ್ಕರಿನ ನೆರೆಯಲ್ಲೂ ಇದರ ಒಂದು ಚಿಕ್ಕ ಆವೃತ್ತಿ ನಡೆಯಿತು. ಅಂಟನನರಿವೊದಲ್ಲಿ ನಡೆದ ಬಾಸ್ಕೆಟ್‌ಬಾಲ್ ಪಂದ್ಯಾವಳಿಗೆ ಬಂದಿದ್ದ ಸೆಶೆಲ್ಸ್ ದೇಶದ ತರಬೇತುದಾರರೊಬ್ಬರು ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲೇ ಆಸ್ಪತ್ರೆಯಲ್ಲಿ ನಿಧನರಾದರು. ಅವರೊಂದಿಗೆ ಓಡಾಡಿದ್ದ ಆಟಗಾರರು ಸ್ವದೇಶಕ್ಕೆ ಮರಳಿದ ಮೇಲೆ ಸೆಶೆಲ್ಸ್‌ನಲ್ಲಿ ಗಾಬರಿ ಹುಟ್ಟಿತು. ಅಲ್ಲಿಂದ ಮಡಗಾಸ್ಕರಿಗೆ ಹೋಗುವ ವಿಮಾನಗಳು ನಿಂತವು, ಶಾಲೆಗಳನ್ನು ಮುಚ್ಚಲಾಯಿತು, ಶಂಕಿತರನ್ನು ಪ್ರತ್ಯೇಕವಾಗಿ ಇರಿಸಲಾಯಿತು. ಅವರ ಮಾದರಿಗಳು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋಗಿ, ಪ್ಲೇಗಿಲ್ಲವೆಂದು ಫಲಿತಾಂಶ ಬಂತು. ಕೊಮೊರೋಸ್, ಮಾರಿಷಸ್, ರಿಯೂನಿಯನ್, ಮೊಜಾಂಬಿಕ್, ಟಾಂಜಾನಿಯ, ಕೆನ್ಯ, ಇಥಿಯೋಪಿಯ, ದಕ್ಷಿಣ ಆಫ್ರಿಕ ಮತ್ತು ಸೆಶೆಲ್ಸ್ ಈ ಒಂಬತ್ತು ಕಡೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿದ್ಧತೆ ಹೆಚ್ಚಿಸಲು ಹೇಳಿತ್ತು. ಪ್ರಯಾಣ ಮತ್ತು ವ್ಯಾಪಾರಕ್ಕೆ ನಿರ್ಬಂಧ ಬೇಡವೆಂದೂ ಹೇಳಿತ್ತು. ಎರಡನೆಯ ಮಾತನ್ನು ಕೇಳಿಸಿಕೊಳ್ಳುವುದು ಪ್ರವಾಸಿಗರನ್ನೇ ನಂಬಿದ ಪುಟ್ಟ ದ್ವೀಪಕ್ಕೆ ಕಷ್ಟವಾಯಿತು ಎಂಬುದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೂ ಅಪಾಯದ ತರ್ಕ ಬೇರೆಯದೇ ಇತ್ತು. ವಿಮಾನ ಹತ್ತುವಾಗ ಜ್ವರವಿಲ್ಲದಿದ್ದ ಸೋಂಕಿತ ಇಳಿದ ಎರಡು ಮೂರು ದಿನಗಳಲ್ಲಿ ತೀವ್ರವಾಗಿ ಕಾಯಿಲೆ ಬೀಳುತ್ತಾನೆ. ಅವನು ಹೋಗುವ ಆಸ್ಪತ್ರೆಯ ವೈದ್ಯರು ಎಲ್ಲಿಂದ ಬಂದಿರಿ ಎಂದು ಕೇಳುವ ಅಭ್ಯಾಸ ಇಟ್ಟುಕೊಂಡಿದ್ದರೆ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಜಗತ್ತಿನ ಮಟ್ಟದಲ್ಲಿ ಅಪಾಯ ಕಡಿಮೆ ಎಂದದ್ದು ಈ ಲೆಕ್ಕದಿಂದ.

ಮಡಗಾಸ್ಕರಿನೊಳಗೆ ಸರಪಳಿ ತುಂಡಾದದ್ದು ಹೇಗೆ? ಶಾಲೆಗಳನ್ನು ಮುಚ್ಚಿದರು, ದೊಡ್ಡ ಸಭೆಗಳನ್ನು ನಿಷೇಧಿಸಿದರು, ಔಷಧದಂಗಡಿಗಳ ಮುಂದೆ ಮುಖಗವಸಿಗೂ ಮಾತ್ರೆಗೂ ಸಾಲುಗಳು ಬೆಳೆದವು. ಇವೆಲ್ಲ ಕಣ್ಣಿಗೆ ಕಾಣುವ ಕ್ರಮಗಳು. ನಿಜವಾದ ಕೆಲಸ ನಡೆದದ್ದು ಮನೆಮನೆಯ ಬಾಗಿಲಲ್ಲಿ. ನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಸಂಪರ್ಕಿತರನ್ನು ಪತ್ತೆಹಚ್ಚುವ ತರಬೇತಿ ಕೊಡಲಾಯಿತು. ಅವರು ರೋಗಿಗಳೊಂದಿಗೆ ಒಡನಾಡಿದ 7000ಕ್ಕೂ ಹೆಚ್ಚು ಜನರನ್ನು ಗುರುತಿಸಿ, ಏಳು ದಿನಗಳವರೆಗೆ ಗಮನಿಸುತ್ತ, ಮುಂಜಾಗ್ರತೆಯ ಆ್ಯಂಟಿಬಯೋಟಿಕ್ ಕೊಟ್ಟರು. ಅಷ್ಟು ಜನರಲ್ಲಿ ರೋಗದ ಲಕ್ಷಣ ಕಂಡದ್ದು 11 ಮಂದಿಯಲ್ಲಿ ಮಾತ್ರ. 81 ಆರೋಗ್ಯ ಕಾರ್ಯಕರ್ತರಲ್ಲಿ ಪ್ಲೇಗಿನ ಲಕ್ಷಣಗಳು ಕಾಣಿಸಿಕೊಂಡವು, ಒಬ್ಬರೂ ಸಾಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತರಿಸಿದ ಆ್ಯಂಟಿಬಯೋಟಿಕ್ 12 ಲಕ್ಷ ಡೋಸುಗಳಷ್ಟಿತ್ತು. ನವೆಂಬರ್ 27ರಂದು ನಗರದ ನ್ಯುಮೋನಿಕ್ ಪ್ಲೇಗು ಹತೋಟಿಗೆ ಬಂದಿತೆಂದು ಸರ್ಕಾರ ಪ್ರಕಟಿಸಿತು. ರೋಗ ತಲೆಯೆತ್ತಿ ಮೂರು ತಿಂಗಳಾಗಿತ್ತು.

ಶವಸಂಸ್ಕಾರದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಆಗ ವಿದೇಶೀ ಪತ್ರಿಕೆಗಳು ಬರೆದದ್ದೆಲ್ಲ ಅದರ ಬಗ್ಗೆಯೇ. ಎತ್ತರದ ಪ್ರದೇಶದ ಜನ ಕೆಲವು ವರ್ಷಗಳಿಗೊಮ್ಮೆ ಪೂರ್ವಜರ ಸಮಾಧಿಯನ್ನು ತೆರೆದು, ಅಸ್ಥಿಗಳಿಗೆ ಹೊಸ ರೇಷ್ಮೆಬಟ್ಟೆ ಸುತ್ತಿ, ಸಂಭ್ರಮದಿಂದ ಮತ್ತೆ ಮಲಗಿಸುವ ಫಮದಿಹಾನ ಎಂಬ ಆಚರಣೆ ನಡೆಸುತ್ತಾರೆ. ಪ್ಲೇಗಿನಿಂದ ಸತ್ತವರನ್ನು ಮತ್ತೆ ತೆರೆಯುವಂಥ ಸಮಾಧಿಯಲ್ಲಿ ಇಡಬಾರದೆಂಬ ನಿಯಮ ಅಲ್ಲಿ ಮೊದಲಿನಿಂದಲೂ ಇದೆ. ಹಳೆಯ ಅಸ್ಥಿಗಳಿಂದಲೇ 2017ರ ಸ್ಫೋಟವಾಯಿತೆಂಬ ಕಥೆ ಓದುವುದಕ್ಕೆ ರೋಚಕವಾಗಿತ್ತು. ಆದರೆ ಆಗಷ್ಟೇ ಸತ್ತ, ಎಚ್ಚರಿಕೆಯಿಲ್ಲದೆ ತೊಳೆದು ಸಿದ್ಧಪಡಿಸಿದ ದೇಹವೇ ಹೆಚ್ಚಿನ ಅಪಾಯದ್ದು ಎಂಬುದನ್ನು ಮೊರಮಂಗದ ಘಟನೆ ತೋರಿಸುತ್ತದೆ. ತಂದೆಯ ದೇಹವನ್ನು ಕುಟುಂಬದ ಸಮಾಧಿಗೆ ಕೊಡುವುದಿಲ್ಲವೆಂದು ಅಧಿಕಾರಿ ಬಂದು ಹೇಳಿದರೆ ಮುಂದಿನ ರೋಗಿಯನ್ನು ಮನೆಯವರು ಬಚ್ಚಿಡುತ್ತಾರೆ. ಗುರುತಿಸುವ ದಿನ ಮತ್ತಷ್ಟು ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಶವಸಂಸ್ಕಾರದ ನಿಯಮವನ್ನು ಜಾರಿಗೆ ತರುವಾಗ ಕುಟುಂಬದ ಹಿರಿಯರನ್ನು ಒಳಗೊಳ್ಳುವುದು ರೋಗನಿಯಂತ್ರಣದ್ದೇ ಒಂದು ಭಾಗ.

ಇಲಿಗಳ ಬಗ್ಗೆ ಒಂದು ಮಾತು. ಪ್ಲೇಗೆಂದ ಕೂಡಲೇ ಇಲಿ ಕೊಲ್ಲಿ ಎಂಬ ಕೂಗು ಏಳುತ್ತದೆ. ರೋಗ ಚಾಲ್ತಿಯಲ್ಲಿರುವಾಗ ಮೊದಲು ಇಲಿಯನ್ನು ಕೊಂದರೆ ಅದರ ಮೈಮೇಲಿನ ಹಸಿದ ಚಿಗಟಗಳು ಮನುಷ್ಯರ ಮೇಲೆ ಬೀಳುತ್ತವೆ. ಮೊದಲು ಚಿಗಟ, ಆಮೇಲೆ ಇಲಿ ಎಂಬುದು ಇಲ್ಲಿ ತಪ್ಪಬಾರದ ಕ್ರಮ. ಮಡಗಾಸ್ಕರಿನಲ್ಲಿ ಬಳಸುವ ಕಾರ್ಟ್‌ಮನ್ ಪೆಟ್ಟಿಗೆ ಈ ತತ್ತ್ವದ ಮೇಲೆಯೇ ನಿಂತಿದೆ. ಆಹಾರದ ಆಸೆಗೆ ಒಳಗೆ ಹೊಕ್ಕ ಇಲಿ ಕೀಟನಾಶಕದ ಪುಡಿಯ ಮೇಲೆ ನಡೆದುಹೋಗುತ್ತದೆ, ಪುಡಿ ಅದರ ಮೈಗೆ ಅಂಟಿ ಚಿಗಟಗಳನ್ನು ಕೊಲ್ಲುತ್ತದೆ. ತೊಂದರೆಯೆಂದರೆ ಡೆಲ್ಟಾಮೆಥ್ರಿನ್‌ನಂಥ ಕೀಟನಾಶಕಗಳಿಗೆ ಅಲ್ಲಿನ ಚಿಗಟಗಳು ನಿರೋಧ ಬೆಳೆಸಿಕೊಂಡಿರುವುದು ಕಂಡುಬಂದಿದೆ.

ಇಷ್ಟು ಕೇಳಿದ ಮೇಲೆ ಪ್ಲೇಗನ್ನು ಸಿಡುಬಿನಂತೆ ನಿರ್ಮೂಲ ಮಾಡಬಾರದೇಕೆ ಎಂದು ಸಭೆಯಲ್ಲಿ ಒಬ್ಬರು ಪ್ರಶ್ನಿಸಿದರು. ಸಿಡುಬಿಗೆ ಮನುಷ್ಯನ ಹೊರತು ಬೇರೆ ಮನೆ ಇರಲಿಲ್ಲ. ಪ್ಲೇಗು ಕಾಡುದಂಶಕಗಳಲ್ಲಿ, ಮನುಷ್ಯರ ಕಣ್ಣಿಗೆ ಬೀಳದೆ, ಓಷಿಯಾನಿಯದ ಹೊರತು ಎಲ್ಲ ಜನವಸತಿಯ ಖಂಡಗಳಲ್ಲೂ ಇದೆ. 2010ರಿಂದ 2015ರವರೆಗೆ ಜಗತ್ತಿನಲ್ಲಿ ವರದಿಯಾದದ್ದು 3248 ಪ್ರಕರಣಗಳು, 584 ಸಾವುಗಳು. ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ, ಮಡಗಾಸ್ಕರ್ ಮತ್ತು ಪೆರು ಇವು ಮೂರು ಮುಖ್ಯ ನೆಲೆಗಳು. ಅಮೆರಿಕದ ಪಶ್ಚಿಮ ಭಾಗದಲ್ಲಿ ವರ್ಷಕ್ಕೆ ಸರಾಸರಿ ಏಳು ಪ್ರಕರಣಗಳು ಬರುತ್ತವೆ. ಮಂಗೋಲಿಯದಲ್ಲಿ 2019ರಲ್ಲಿ ಹಸಿ ಮಾರ್ಮಟ್ ಮಾಂಸ ತಿಂದ ದಂಪತಿ ಪ್ಲೇಗಿನಿಂದ ಸತ್ತು, ಆ ಊರಿನಲ್ಲಿದ್ದ ಪ್ರವಾಸಿಗರೂ ಸೇರಿ ಅನೇಕರು ಆರು ದಿನ ಕ್ವಾರಂಟೈನ್‌ನಲ್ಲಿ ಉಳಿಯಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಒಳ ಮಂಗೋಲಿಯದಿಂದ ಚಿಕಿತ್ಸೆಗೆಂದು ಬೀಜಿಂಗ್‌ಗೆ ಬಂದ ಇಬ್ಬರಲ್ಲಿ ನ್ಯುಮೋನಿಕ್ ಪ್ಲೇಗು ಪತ್ತೆಯಾಯಿತು. ಎರಡು ಕೋಟಿ ಜನರ ನಗರದಲ್ಲಿ ರೋಗ ಹಬ್ಬಲಿಲ್ಲ.

ಲಸಿಕೆ ಇದೆಯೇ ಎಂಬುದು ಮತ್ತೊಂದು ಪ್ರಶ್ನೆ. ಮಡಗಾಸ್ಕರಿನಲ್ಲೇ ಕಳೆದ ಶತಮಾನದಲ್ಲಿ ದುರ್ಬಲಗೊಳಿಸಿದ ಜೀವಂತ ರೋಗಾಣುವಿನ ಲಸಿಕೆ ಬಂದಿತ್ತು, ಆದರೆ ಜನಸಾಮಾನ್ಯರಿಗೆ ವ್ಯಾಪಕವಾಗಿ ಕೊಡಬಹುದಾದ ಲಸಿಕೆ ಇಂದು ಬಳಕೆಯಲ್ಲಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 2021ರಲ್ಲಿ ಹೊಸದೊಂದರ ಮೊದಲ ಹಂತದ ಪರೀಕ್ಷೆ ಆರಂಭಿಸಿತು. ಚಿಕಿತ್ಸೆಯ ಕಡೆಯಿಂದ ಒಳ್ಳೆಯ ಸುದ್ದಿಯಿದೆ. ಬ್ಯೂಬೋನಿಕ್ ಪ್ಲೇಗಿಗೆ ಚುಚ್ಚುಮದ್ದಿಲ್ಲದೆ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಯೊಂದೇ ಸಾಲುತ್ತದೆ ಎಂದು ಮಡಗಾಸ್ಕರಿನಲ್ಲಿ ನಡೆದ ವೈದ್ಯಕೀಯ ಪರೀಕ್ಷೆ ತೋರಿಸಿದೆ. 2025ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ದಿನಕ್ಕೆರಡು ಬಾರಿ ಸೂಜಿ ಚುಚ್ಚಲು ದಾದಿಯರು ಸಿಗದ ಹಳ್ಳಿಗಳಿಗೆ ಇದು ಸಣ್ಣ ವಿಷಯವಲ್ಲ.

ಕೊನೆಯದಾಗಿ, ಮಾತ್ರೆಗಳೇ ಕೆಲಸ ಮಾಡದೆ ಹೋದರೆ ಎಂದು ಕೇಳಿದವರಿದ್ದರು. ಅಂಥ ರೋಗಾಣು ಒಮ್ಮೆ ಸಿಕ್ಕಿದೆ. 1995ರಲ್ಲಿ ಮಡಗಾಸ್ಕರಿನ ಅಂಬಲವಾವೊ ಜಿಲ್ಲೆಯ ಹುಡುಗನೊಬ್ಬನ ಗಡ್ಡೆಯಿಂದ ಬೆಳೆಸಿದ ಯೆರ್ಸೀನಿಯಾ ಪೆಸ್ಟಿಸ್, ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಸೇರಿದಂತೆ ಪ್ಲೇಗಿಗೆ ಬಳಸುತ್ತಿದ್ದ ಮುಖ್ಯ ಔಷಧಗಳಿಗೆ ಬಗ್ಗಲಿಲ್ಲ. ಆ ನಿರೋಧಗುಣ ಒಂದು ಬ್ಯಾಕ್ಟೀರಿಯಾದಿಂದ ಮತ್ತೊಂದಕ್ಕೆ ದಾಟಬಲ್ಲ ಪ್ಲಾಸ್ಮಿಡ್ ಎಂಬ ತುಣುಕಿನ ಮೇಲಿತ್ತು, ಅಂದರೆ ಬೇರೆ ಬ್ಯಾಕ್ಟೀರಿಯಾಗಳಿಂದ ಬಂದಿರುವ ಸಾಧ್ಯತೆ ಹೆಚ್ಚು. ಹುಡುಗ ಬದುಕಿದ, ಆ ತಳಿ ಅಲ್ಲಿಂದ ಮುಂದೆ ಹಬ್ಬಿದ ದಾಖಲೆಯಿಲ್ಲ. 2017ರ ಸ್ಫೋಟದಲ್ಲಿ ಬೆಳೆಸಿದ 50 ತಳಿಗಳನ್ನೂ ಪರೀಕ್ಷಿಸಲಾಯಿತು, ರಾಷ್ಟ್ರೀಯ ಪ್ಲೇಗು ನಿಯಂತ್ರಣ ಕಾರ್ಯಕ್ರಮ ಶಿಫಾರಸು ಮಾಡುವ ಎಲ್ಲ ಔಷಧಗಳಿಗೂ ಅವೆಲ್ಲವೂ ಬಗ್ಗಿದವು. ನಾಲ್ಕು ವರ್ಷಗಳ ಮೇಲೆ, 2021ರ ಆಗಸ್ಟ್ ಕೊನೆಯಲ್ಲಿ, ರಾಜಧಾನಿಯ ಪಶ್ಚಿಮಕ್ಕಿರುವ ಅರಿವೊನಿಮಾಮೊದಲ್ಲಿ ನ್ಯುಮೋನಿಕ್ ಪ್ಲೇಗು ಮತ್ತೆ ಕಾಣಿಸಿಕೊಂಡಾಗ ಪ್ರಕರಣಗಳು ಸಾವಿರಗಳ ಲೆಕ್ಕಕ್ಕೆ ಹೋಗಲಿಲ್ಲ, ಕೆಲವು ಹತ್ತುಗಳಲ್ಲೇ ನಿಂತವು.